ಸುಟ್ಟ ಗಿಲೀಟು

“ಹಾಲಿನ ಗಿಂಡಿ ಬೆಳಗಿದಾಕಿ ಹೈನ ನಂದು ಅಂದಂಗಾತು ನೋಡ್ರಿ ಇದು,” ಎಂದರು ಕಿರಣಕುಮಾರ ಸರ್, ಮೈಕಿನಲ್ಲಿ. “ಏ ಕರಬಸ್ಯಾ, ಸಾಲ್ಯಾಗ ಏಳನೇತ್ತಾ ದಾಟಿಲ್ಲ ನೀ. ಸೈನ್ಸ್ ಅಂದ್ರ ಸೈಲೆನ್ಸರ್ ತಿಕ್ಕಿದಂಗಲ್ಲ. ಹೋಗು, ಹಿಂದ ಚಾ ಬಂತೇನು ನೋಡ್ಕೊಂಡು ಬಾ.”

ಹಾವೇರಿಯ ಆ ಸಭಾಭವನದಲ್ಲಿ ಇನ್ನೂರು ಜನ ಇದ್ದರು. ಇನ್ನೂರೂ ಜನ ನಕ್ಕರು. ನಾಲ್ಕನೇ ಸಾಲಿನಲ್ಲಿ ಕೂತಿದ್ದ ನನ್ನವ್ವ ಹೊಳಿಯವ್ವನೂ ನಕ್ಕಳು. ಅವಳಿಗೆ ಮಾತು ಸರಿಯಾಗಿ ಕೇಳಿಸಿರಲಿಲ್ಲ, ಕೇಳಿಸಿದ್ದೂ ತಿಳಿದಿರಲಿಲ್ಲ. ಸಾಹೇಬರು ಮೈಕಿನಲ್ಲಿ ಮಗನ ಹೆಸರು ಕರೆದಿದ್ದರು, ಸುತ್ತಲಿನವರು ನಗುತ್ತಿದ್ದರು, ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಚಾ ನೋಡಲು ಹೋದೆ. ಚಾ ಬಂದಿರಲಿಲ್ಲ.

ನಾನು ಆಡಿದ್ದೇನೂ ದೊಡ್ಡ ಮಾತಲ್ಲ. ಸರ್ ಗಾಜಿನ ಜಾಡಿಯ ನೀರನ್ನು ಹಳದಿ ಮಾಡಿ ತೋರಿಸಿದ್ದರು, ಜನ ಚಪ್ಪಾಳೆ ತಟ್ಟಿದ್ದರು. ಕರ್ಜಗಿಯ ಒಬ್ಬ ರೈತ ಎದ್ದು, ಜಾಡಿಯಲ್ಲಿ ಇಳಿಬಿಟ್ಟ ಆ ಕರೀ ತಂತಿಬಲೆಯ ಜಾಳಿಗೆ ಎಲ್ಲಿ ಸಿಗುತ್ತದೆ, ಯಾರು ಮಾಡಿದ್ದು ಎಂದು ಕೇಳಿದ. ನಾನು ಹಿಂದಿನಿಂದ ಎದ್ದು, “ನಾನ ಮಾಡೇನ್ರಿ” ಎಂದೆ. ಅಷ್ಟೇ. ಎರಡು ಶಬ್ದ. ಅದಕ್ಕೆ ಈ ಉತ್ತರ.

ಅದರ ಹಿಂದಿನ ಮುಂಗಾರು, ಅಂದರೆ ಎರಡು ಸಾವಿರದ ಎಂಟರದ್ದು, ನಮ್ಮ ಕಡೆಯ ಯಾರೂ ಮರೆಯುವಂಥದ್ದಲ್ಲ. ಗೊಬ್ಬರದ ಅಂಗಡಿಗಳ ಮುಂದೆ ಜನ ಸಾಲು ನಿಂತು ನಿಂತು ಸಾಕಾಗಿ, ತಮ್ಮ ಬದಲು ಚಪ್ಪಲಿಗಳನ್ನು ಸಾಲಿಗಿಟ್ಟು ಗಿಡದ ನೆರಳಿಗೆ ಕೂತಿದ್ದರು. ಚಪ್ಪಲಿಗೆ ಸಿಕ್ಕ ಮಾನ ಮನುಷ್ಯರಿಗೆ ಸಿಗಲಿಲ್ಲ. ಅಂಥ ವರ್ಷದಲ್ಲಿ, ಗಾಳಿಯಿಂದಲೇ ಯೂರಿಯಾ ಮಾಡುತ್ತೇನೆ ಎನ್ನುವವನು ಬಂದರೆ ಯಾರು ಚಪ್ಪಾಳೆ ತಟ್ಟುವುದಿಲ್ಲ?

ಕಿರಣಕುಮಾರ ಸರ್ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದರು. ಅವರ ಲೆಕ್ಕ ಕೇಳಲು ಸರಳವಾಗಿತ್ತು. ಯೂರಿಯಾ ಅಂದರೆ ಎರಡು ಗಾಳಿಗಳ ಸಂಸಾರ. ಒಂದು ಸೋಡಾ ಬಾಟಲಿಯಲ್ಲಿ ಬುರಬುರ ಎನ್ನುವ ಇಂಗಾಲದ ಗಾಳಿ, ಇನ್ನೊಂದು ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲು ಇರುವ ಸಾರಜನಕ. ದೊಡ್ಡ ಕಾರ್ಖಾನೆಗಳು ಬೆಂಕಿ ಹಾಕಿ, ಒತ್ತಿ ಹಿಂಡಿ ಮಾಡುವುದನ್ನು ತಾವು ಒಂದು ಜಾಡಿ ನೀರಿನಲ್ಲಿ, ಬರೀ ಕರೆಂಟಿನಿಂದ ಮಾಡುತ್ತೇವೆ ಎನ್ನುತ್ತಿದ್ದರು. ನೀರಿನಲ್ಲಿ ಒಂದು ಲೋಹದ ಜಾಳಿಗೆ ಇಳಿಬಿಟ್ಟು ಕರೆಂಟು ಕೊಟ್ಟರೆ ಆ ಜಾಳಿಗೆಯ ಮೈಮೇಲೆ ಎರಡೂ ಗಾಳಿ ಕೂಡುತ್ತವೆ. ಲೋಹ ಖರ್ಚಾಗುವುದಿಲ್ಲ. ರೈತರಿಗೆ ಅವರು ಅದನ್ನು ಮದುವೆ ದಲ್ಲಾಳಿ ಎಂದು ಹೇಳಿ ನಗಿಸುತ್ತಿದ್ದರು: ಹೆಣ್ಣು ಗಂಡು ಕೂಡಿಸಿ ತಾನು ಮಾತ್ರ ಇದ್ದಂತೆಯೇ ಉಳಿಯುವವನು. ಜಪಾನಿನವರು ಬೇರೆ ಏನನ್ನೋ ಬೆರೆಸಿ ಒಂದಿಷ್ಟು ಮಾಡಿದ್ದಾರಂತೆ. ಸರ್‌ಗೆ ಬೆರಕೆ ಬೇಡ, ಬರೀ ಗಾಳಿ ಸಾಕು.

ಎಲ್ಲಾ ಇತ್ತು. ದಲ್ಲಾಳಿ ಇರಲಿಲ್ಲ. ದಲ್ಲಾಳಿಯನ್ನು ಹುಡುಕಿಕೊಂಡು ಅವರು ನಮ್ಮ ಅಂಗಡಿಗೆ ಬಂದರು.

ನಮ್ಮದು ಅಂದರೆ ಇಸ್ಮಾಯಿಲಸಾಬರದು. ರಾಣೆಬೆನ್ನೂರು ಸ್ಟೇಶನ್ನಿನ ಹತ್ತಿರ ಗಿಲೀಟಿನ ಅಂಗಡಿ. ಸೈಲೆನ್ಸರು, ಗಂಟೆ, ದೇವರ ಮುಖವಾಡ, ಆಸ್ಪತ್ರೆಯ ಮಂಚದ ಕಾಲು, ಯಾವುದನ್ನೇ ತಂದರೂ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಕೊಟ್ಟು ಹೊಳಪು ಹಚ್ಚಿ ಕೊಡುತ್ತೇವೆ. ನಾನು ಹದಿಮೂರನೇ ವಯಸ್ಸಿಗೆ ಅಲ್ಲಿಗೆ ಸೇರಿದವನು. ಶಾಲೆ ಬಿಟ್ಟದ್ದಕ್ಕೆ ಬಡತನ ಕಾರಣವಲ್ಲ. ನಮ್ಮೂರು ಮೇಡ್ಲೇರಿಯಲ್ಲಿ ಮಾಸ್ತರನೊಬ್ಬ ಇಡೀ ವರ್ಗದ ಮುಂದೆ ನನ್ನ ಕಿವಿ ಹಿಂಡಿದ. ಸಂಜೆ ಅವನ ಸೈಕಲ್ಲಿನ ಎರಡೂ ಗಾಲಿಯ ಟ್ಯೂಬು ಕೊಯ್ದೆ. ಮರುದಿನ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ.

ಸರ್ ತಾಮ್ರದ ಜಾಳಿಗೆ ತಂದು ಅದಕ್ಕೆ ಸತುವಿನ ಗಿಲೀಟು ಕೇಳಿದರು. ಒಂಬತ್ತು ಜಾಳಿಗೆ ಮಾಡಿಕೊಟ್ಟೆ. ಕನ್ನಡಿಯಂತೆ ನುಣುಪು. ಒಂಬತ್ತರಿಂದಲೂ ಏನೂ ಹುಟ್ಟಲಿಲ್ಲ. ಹತ್ತನೆಯದನ್ನು ತೊಟ್ಟಿಗೆ ಬಿಟ್ಟಾಗ ಒಬ್ಬ ಗಿರಾಕಿ ಬುಲೆಟ್ಟಿನ ಸೈಲೆನ್ಸರ್ ಹಿಡಿದು ಜಗಳಕ್ಕೆ ಬಂದ. ನಾನೂ ಬಿಡುವವನಲ್ಲ. ಜಗಳ ಮುಗಿಸಿ ಬರುವಷ್ಟರಲ್ಲಿ ಕರೆಂಟು ಮಿತಿ ಮೀರಿ ಹರಿದು ಗಿಲೀಟು ಸುಟ್ಟಿತ್ತು. ಕರ್ರಗೆ, ಬೆಕ್ಕಿನ ನಾಲಿಗೆಯ ಹಾಗೆ ಖರಬರ. ನಮ್ಮ ಕೆಲಸದಲ್ಲಿ ಸುಟ್ಟ ಮಾಲು ಅಂದರೆ ನಾಚಿಕೆ. ಅದನ್ನು ಗಿರಾಕಿಯ ಕಣ್ಣಿಗೆ ಬೀಳಿಸದೆ ಆಸಿಡ್‌ನಲ್ಲಿ ಕೆತ್ತಿ ಮತ್ತೆ ಹೊಸದಾಗಿ ಮಾಡಬೇಕು. ಆದರೆ ಸರ್ ಆಗಲೇ ಬಾಗಿಲಲ್ಲಿ ನಿಂತಿದ್ದರು. ನಾನು ಅದನ್ನೇ ಕೈಗೆ ಕೊಟ್ಟು, ನುಣ್ಣನೆಯ ಗೋಡೆಗೆ ಸುಣ್ಣ ನಿಲ್ಲುವುದಿಲ್ಲ, ಒರಟಾಗಿದ್ದರೆ ಹಿಡಿಯುತ್ತದೆ, ಗಾಳಿಗೂ ಹಾಗೇ ಇರಬಹುದು ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ತೆಗೆದುಕೊಂಡು ಹೋದರು.

ಮೂರನೇ ದಿನ ಸ್ಕೂಟರ್ ಸ್ಟ್ಯಾಂಡ್ ಸಹ ಹಾಕದೆ ಅಂಗಡಿಗೆ ನುಗ್ಗಿ ನನ್ನನ್ನು ಅಪ್ಪಿಕೊಂಡರು. ಅಂಗಿಗೆ ಕಲೆಯಾಗುತ್ತದೆ ಎಂದರೂ ಬಿಡಲಿಲ್ಲ. ನೀರು ಹಳದಿಯಾಗಿತ್ತಂತೆ. ಯೂರಿಯಾ ಹುಟ್ಟಿತ್ತಂತೆ. ಹಾಗಾಗಿಯೇ ನಾನು ಹಾವೇರಿಗೆ ಅವ್ವನನ್ನು ಕರೆದುಕೊಂಡು ಹೋಗಿದ್ದು. ಹೊಸ ಸೀರೆ ಉಡಿಸಿಕೊಂಡು.

ಹಾವೇರಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಒಂದೇ ಸಮನೆ ಮಾತಾಡಿದಳು. “ಅಷ್ಟ ಮಂದ್ಯಾಗ ಹೆಸರ ಹಿಡದ ಕರದಾ ನೋಡು. ಆ ಸಾಹೇಬ ನಿನ್ನ ಕೂಡ ಚಾಷ್ಟಿ ಮಾಡ್ತಾನಂದ್ರ ಎಷ್ಟರ ಸಲಿಗಿ ಇರಬೇಕು.” ಮರುವಾರ ಮೇಡ್ಲೇರಿಗೆ ಹೋದರೆ ಓಣಿಯ ಹೆಂಗಸರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದಳು. ತಿಳಿಸಿ ಹೇಳಿದರೆ ಅವಮಾನ ಎರಡಾಗುತ್ತಿತ್ತು, ಒಂದು ನನ್ನದು, ಒಂದು ಅವಳದು. ಹಲ್ಲು ಕಚ್ಚಿಕೊಂಡು ಹೂಂ ಹೂಂ ಎಂದೆ. ಅವರು ನನ್ನನ್ನು ಬೈದದ್ದನ್ನು ಒಂದು ವೇಳೆ ಬಿಡಬಹುದಿತ್ತು. ನನ್ನವ್ವನನ್ನು ನಗಿಸಿದ್ದನ್ನು ಬಿಡುವುದು ಹೇಗೆ?

ಮೊದಲಿಗೆ ನನಗೆ ಹೊಳೆದ ಸೇಡು ಒಂದೇ. ನಾನೇ ಮಾಡಿ ತೋರಿಸಬೇಕು. ಅವರಿಲ್ಲದೆ, ಅವರ ಡಿಗ್ರಿಯಿಲ್ಲದೆ, ಅದೇ ಹಾವೇರಿಯಲ್ಲಿ, ಅದೇ ಮೈಕಿನ ಮುಂದೆ.

ಸರ್ ಕೈಕೆಳಗೆ ಅರುಣಾ ಎಂಬ ಹುಡುಗಿ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದಳು. ಎಂಎಸ್ಸಿ ಮುಗಿಸಿದವಳು. ಜಾಳಿಗೆ ಕೊಡಲು ಹೋದಾಗ ಕುರ್ಚಿ ತೋರಿಸಿ ಕೂರು ಎನ್ನುತ್ತಿದ್ದವಳು ಆ ಕಟ್ಟಡದಲ್ಲಿ ಅವಳೊಬ್ಬಳೇ. ಪರೀಕ್ಷೆ ಹೇಗೆ ಮಾಡುವುದೆಂದು ಕೇಳಿದೆ. ಅಡಗಿಸಿಡದೆ ಹೇಳಿದಳು. ಹಳದಿ ಮಾಡುವ ಹನಿಗಳಿಗೆ ಯೂರಿಯಾ ಕಾಣಿಸುವುದಿಲ್ಲ, ಅಮೋನಿಯಾ ಕಾಣಿಸುತ್ತದೆ. ಅದಕ್ಕೆ ಮೊದಲು ನೀರಿಗೆ ಹುರುಳಿ ಹಿಟ್ಟು ಕದಡಿ ಕಾಲು ತಾಸು ಬಿಡಬೇಕು. ನಾವು ಮುದ್ದೆ ಸಾರಿಗೆ ಹಾಕುವ ಹುರುಳಿಯೇ. ಅದರಲ್ಲಿರುವ ಯಾವುದೋ ಸತ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಆಮೇಲೆ ಹನಿ ಬಿಟ್ಟರೆ ಹಳದಿ. ಸರಿಯಾಗಿ ನೋಡುವುದಾದರೆ ಹುರುಳಿ ಹಾಕಿದ್ದೊಂದು, ಹಾಕದ್ದೊಂದು, ಎರಡನ್ನೂ ಪಕ್ಕಕ್ಕಿಟ್ಟು ನೋಡಬೇಕು, ಒಂಬತ್ತು ಜಾಳಿಗೆಗೂ ಹಾಗೇ ನೋಡಿದೆವು, ಸುಟ್ಟದ್ದು ಬಂದ ಮೇಲೆ ಸರ್‌ಗೆ ಅಷ್ಟು ತಾಳ್ಮೆಯಿಲ್ಲ ಎಂದಳು. ಒಂದು ಸಣ್ಣ ಶೀಶೆಯಲ್ಲಿ ಹನಿ ಕೊಟ್ಟು, ಪಾದರಸ ಅದ ಇದರಾಗ, ಕೈಗೆ ತಾಗಿಸ್ಕೋಬ್ಯಾಡ ಎಂದು ಎರಡು ಸಲ ಹೇಳಿದಳು.

ಶುಕ್ರವಾರ ಇಸ್ಮಾಯಿಲಸಾಬರು ನಮಾಜಿಗೆ ಹೋಗುವ ದಿನ ಅಂಗಡಿ ಅರ್ಧ ಬಾಗಿಲು. ಪಕ್ಕದ ಸೋಡಾ ಅಂಗಡಿಯ ಜಾವೇದ ಫುಟ್‌ಬಾಲಿನ ಬ್ಲಾಡರಿನಲ್ಲಿ ಗ್ಯಾಸು ತುಂಬಿಸಿ ಕೊಟ್ಟ. ಮೀನಿನ ಡಬ್ಬಿಗೆ ಗಾಳಿ ಊದುವ ಪಂಪು ಒಂದನ್ನು ತಂದೆ. ಹೊಸದಾಗಿ ಸುಟ್ಟ ಜಾಳಿಗೆಯನ್ನು ಜಾಡಿಗಿಳಿಸಿ, ತಂತಿ ಸಿಕ್ಕಿಸಿ, ಗುಂಡಿ ತಿರುಗಿಸಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

ಹನ್ನೊಂದಕ್ಕೆ ಹೋದದ್ದು ಒಂದಾದರೂ ಬರಲಿಲ್ಲ. ಅಜಾನ್ ಆಯಿತು. ಬ್ಲಾಡರು ಕುಗ್ಗಿ ಮುದುಕಿಯ ಕೆನ್ನೆಯಂತಾಯಿತು. ಸಿಟ್ಟು ನೆತ್ತಿಗೇರಿ, ಸುಮ್ಮನೆ, ಏನಾದರೂ ಮಾಡಬೇಕಲ್ಲ ಎಂದು, ಜಾಡಿಯ ನೀರನ್ನು ಚಾ ಗ್ಲಾಸಿಗೆ ಬಗ್ಗಿಸಿ ಅರುಣಾಳ ಶೀಶೆಯಿಂದ ಹನಿ ಬಿಟ್ಟೆ.

ಹಳದಿ. ಹಾವೇರಿಯಲ್ಲಿ ಬಂದಿತ್ತಲ್ಲ, ಅದೇ ಹಳದಿ.

ಕರೆಂಟಿಲ್ಲ, ಗಾಳಿಯಿಲ್ಲ, ಹುರುಳಿಯಿಲ್ಲ. ಮತ್ತೊಮ್ಮೆ ಮಾಡಿದೆ, ಮತ್ತೆ ಹಳದಿ. ಆಗ ನನ್ನ ಕಣ್ಣು ಮೂಲೆಯ ನವಸಾಗರದ ಪೀಪಾಯಿಯ ಮೇಲೆ ಬಿತ್ತು.

ಇಸ್ಮಾಯಿಲಸಾಬರು ಗಿಲೀಟಿಗೆ ಬರುವ ಮುಂಚೆ ಮೂವತ್ತು ವರ್ಷ ಊರೂರು ತಿರುಗಿ ತಾಮ್ರದ ಹಂಡೆಗಳಿಗೆ ಕಲಾಯಿ ಹಾಕಿದವರು. ಕಲಾಯಿಯವನ ಕೈ ನವಸಾಗರದ ಪುಡಿ ಬಿಟ್ಟಿರುವುದಿಲ್ಲ. ತೊಟ್ಟಿಯಿಂದ ಎದ್ದ ಯಾವ ಮಾಲನ್ನೇ ಆಗಲಿ ಕೊನೆಗೊಮ್ಮೆ ನವಸಾಗರದ ನೀರಿನಲ್ಲಿ ಅದ್ದಿ ತೆಗೆಯುವುದು ಅವರ ಪದ್ಧತಿ. ಹಾಗೆ ಮಾಡಿದರೆ ಸತುವಿಗೆ ಬಿಳಿ ಬೂಷ್ಟು ಹಿಡಿಯುವುದಿಲ್ಲ ಎನ್ನುತ್ತಾರೆ. ಆಮೇಲೆ ತೊಳೆಯಬಾರದು, ತೊಳೆದರೆ ಊರಿನ ಸವಳು ನೀರಿನ ಕಲೆ ಕೂರುತ್ತದೆ. ಇದು ನಮ್ಮ ಅಂಗಡಿ ಬಿಟ್ಟರೆ ಬೇರೆಲ್ಲೂ ಇಲ್ಲ. ನುಣುಪಾದ ಜಾಳಿಗೆಯ ಮೇಲೆ ಆ ನೀರು ನಿಲ್ಲುತ್ತಿರಲಿಲ್ಲ, ಜಾರಿ ಹೋಗುತ್ತಿತ್ತು. ಸುಟ್ಟ ಜಾಳಿಗೆಗೆ ಸಾವಿರ ತೂತು. ಅದು ಕುಡಿದು ಕೂತಿತ್ತು. ನವಸಾಗರದಲ್ಲಿ ಇರುವುದೇ ಅಮೋನಿಯಾ. ಸುಣ್ಣದ ಜೊತೆ ಅಂಗೈಯಲ್ಲಿ ತಿಕ್ಕಿದರೆ ಮೂಗಿಗೆ ಹೊಡೆಯುತ್ತದೆ, ಕಲಾಯಿಯವರ ಮನೆಯ ಕೂಸಿಗೂ ಗೊತ್ತು.

ಒಂದು ಚಿಟಿಕೆ ನವಸಾಗರ ನೀರಿಗೆ ಹಾಕಿ ಹನಿ ಬಿಟ್ಟು ನೋಡಿದೆ. ಹಳದಿಯಲ್ಲ, ಕಾವಿಯಂತಾಯಿತು. ಹಾವೇರಿಯಲ್ಲಿ ಇನ್ನೂರು ಜನ ಚಪ್ಪಾಳೆ ತಟ್ಟಿದ್ದು ಇಸ್ಮಾಯಿಲಸಾಬರ ಕಲಾಯಿ ಪುಡಿಗೆ. ಯೂರಿಯಾ ಒಂದು ಕಾಳೂ ಹುಟ್ಟಿರಲಿಲ್ಲ.

ಬಿದ್ದು ಬಿದ್ದು ನಕ್ಕೆ. ನಗುತ್ತ ನಗುತ್ತ ಇನ್ನೊಂದು ಹೊಳೆದು ನಗು ನಿಂತಿತು. ಹಾಗಾದರೆ ನಾನು ಎದ್ದು ನಿಂತು ನಂದು ಎಂದದ್ದು ಯಾವುದು? ಅವರು ಕಸಿದುಕೊಂಡದ್ದಾದರೂ ಯಾವುದು? ಇಬ್ಬರೂ ಖಾಲಿ ಗಿಂಡಿ ಹಿಡಿದು ಹಾಲಿಗಾಗಿ ಜಗ್ಗಾಡಿದ್ದೆವು.

ಇದು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಏರಿತು. ಹನ್ನೊಂದು ತಿಂಗಳು ಆ ಮನುಷ್ಯ ನಮ್ಮ ಅಂಗಡಿಗೆ ಓಡಾಡಿದ. ಯಾವಾಗ ಕೊಡುತ್ತೀ ಎಂದು ಕೇಳಿದ, ಯಾಕೆ ತಡ ಎಂದು ಕೇಳಿದ. ನಿಮ್ಮ ನೀರಿನಲ್ಲಿ ಏನೇನು ಹಾಕುತ್ತೀರಿ ಎಂದು ಒಂದು ದಿನ, ಒಂದೇ ಒಂದು ದಿನ ಕೇಳಿದ್ದರೆ ಸಾಕಿತ್ತು. ಇಸ್ಮಾಯಿಲಸಾಬರು ಹೆಮ್ಮೆಯಿಂದ ಹೇಳುತ್ತಿದ್ದರು. ಕಲಾಯಿಯವನನ್ನು ಕೇಳಿ ಕಲಿಯುವುದು ಅವರ ಓದಿಗೆ ಕಡಿಮೆಯಾಗುತ್ತಿತ್ತು.

ಹೋಗಿ ಹೇಳಬಹುದಿತ್ತು. ಹೇಳಿದ್ದರೆ ತಾವೇ ಕಂಡುಹಿಡಿದೆ ಎಂದು ತಿದ್ದಿಕೊಳ್ಳುತ್ತಿದ್ದರು. ಜನರ ಮುಂದೆ ಹೇಳಬಹುದಿತ್ತು. ಚಾ ತರಲು ಹೋದವನ ಮಾತು ಯಾರು ಕೇಳುತ್ತಾರೆ? ಸುಮ್ಮನಾದೆ. ಏರಲಿ, ಇನ್ನೂ ಎತ್ತರಕ್ಕೆ ಏರಲಿ ಎಂದುಕೊಂಡೆ.

ಏರಿದರು. ಪೇಪರಿನವನಿಗೆ ಆ ಖರಬರ ಮೈಗೆ ‘ಕಿರಣ ಸರ್ಫೇಸ್’ ಎಂದು ಹೆಸರು ಹೇಳಿದರು. ನನ್ನ ಜಗಳದಲ್ಲಿ ಸುಟ್ಟ ಮಾಲಿಗೆ ಅವರ ಹೆಸರು. ರಾಣೆಬೆನ್ನೂರಿನ ಬೀಜದ ಕಂಪನಿಯ ಮಾಲೀಕ ಮಾಲತೇಶಪ್ಪ ಬ್ಯಾಡಗಿಯಲ್ಲಿ ದೊಡ್ಡ ಪ್ರಯೋಗಾಲಯ ಕಟ್ಟಿಸಿ ಸರ್ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡುತ್ತಾರೆಂದು ಸುದ್ದಿಯಾಯಿತು. ಮೆಣಸಿನಕಾಯಿ ಬೆಳೆಗಾರರನ್ನೆಲ್ಲ ಸೇರಿಸಿ, ಅವರ ಎದುರು ಮತ್ತೊಮ್ಮೆ ಹಳದಿ ಮಾಡಿ ತೋರಿಸಿದರೆ ಅವತ್ತೇ ಘೋಷಣೆ. ಅದಕ್ಕಾಗಿ ಆರು ದೊಡ್ಡ ಜಾಳಿಗೆ ಬೇಕು, ಸುಟ್ಟದ್ದೇ ಬೇಕು ಎಂದು ಸರ್ ಹುಡುಗನೊಬ್ಬನ ಕೈಲಿ ಚೀಟಿ ಕಳಿಸಿದರು. ತಾವು ಬರಲಿಲ್ಲ.

ಆರು ಜಾಳಿಗೆ ಸುಟ್ಟೆ. ಇಡೀ ಜಿಲ್ಲೆಯಲ್ಲಿ ಅಷ್ಟು ಚಂದ ಯಾರೂ ಗಿಲೀಟು ಸುಟ್ಟಿರಲಾರರು. ಎಂದಿನಂತೆ ನವಸಾಗರಕ್ಕೆ ಅದ್ದಲಿಲ್ಲ. ತೊಟ್ಟಿಯ ನೀರಿನಲ್ಲೂ ಅದರ ಪಸೆ ಇದ್ದೇ ಇರುತ್ತದೆಂದು, ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನುಗಳನ್ನು ತಂದು, ಒಂದೊಂದನ್ನೂ ಕುದಿಸಿದೆ, ಚೆಲ್ಲಿದೆ, ಮತ್ತೆ ಕುದಿಸಿದೆ. ಪ್ರತಿಸಲ ಹನಿ ಬಿಟ್ಟು ನೋಡಿದೆ. ಹಳದಿ, ತಿಳಿ ಹಳದಿ, ನಿಂಬೆ ತೊಳೆದ ನೀರಿನಂತೆ. ಹನ್ನೊಂದನೇ ಸಲಕ್ಕೆ ನೀರು ಬರೀ ನೀರಾಯಿತು.

ಇಸ್ಮಾಯಿಲಸಾಬರು ಕುರ್ಚಿಯಲ್ಲಿ ಕೂತು ಎರಡು ದಿನದಿಂದ ನೋಡುತ್ತಿದ್ದರು. “ಯಾಕ ಬೇಟಾ,” ಎಂದರು ಕೊನೆಗೆ, “ಸತ್ತವರ ಮಯ್ಯತ್ ತೊಳದಂಗ ತೊಳಿಯಾಕತ್ತೀ?”

ಸರ್‌ಗೆ ಸ್ವಚ್ಛ ಬೇಕಂತೆ ಎಂದೆ. ಅಂಗಡಿ ಹುಟ್ಟಿದಾಗಿನಿಂದ ನವಸಾಗರಕ್ಕೆ ಅದ್ದಿಯೇ ಕೊಟ್ಟಿದ್ದೇವೆ, ಯಾವ ಗಿರಾಕಿಯೂ ಕೊಳೆ ಎಂದಿಲ್ಲ ಎಂದು ಗೊಣಗಿದರು. ಎದ್ದು ಬಂದು ಒಂದು ಜಾಳಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಸಿಟ್ಟಿನಾಗ ಮಾಡಿದ ಕೆಲಸ ಚಂದ ಆಗ್ತೈತಿ. ನನಗ ಅಂಜಿಕಿ ಬರೂದು ಅದಕ್ಕ.”

ಆರೂ ಜಾಳಿಗೆ ಒಣಗಿಸಿದೆ. ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ನಾನೇ ಕಾಲೇಜಿಗೆ ಮುಟ್ಟಿಸಿ ಬಂದೆ.

ಅವ್ವನಿಗೆ ಬ್ಯಾಡಗಿಗೆ ಬಾ ಎಂದೆ. ಮಕ್ಕಳ ಹಾಗೆ ಹಟ ಹಿಡಿದೆ. ಹಾವೇರಿಯಲ್ಲಿ ನೋಡಿದ್ದೇ ಸಾಕು, ಹೊಲದಲ್ಲಿ ಕಳೆ ಬಿದ್ದಿದೆ, ಸಾಹೇಬರಿಗೆ ನಾನು ಕೇಳಿದೆ ಅಂತ ಹೇಳು ಎಂದಳು.

ಬ್ಯಾಡಗಿಯಲ್ಲಿ ಸಭೆ ಅಂದರೆ ಮೊದಲು ಸೀನು. ಪೇಟೆಯ ದಿನ ಬೇರೆ, ಊರಿನ ಮೇಲೆಲ್ಲ ಮೆಣಸಿನಕಾಯಿಯ ಘಾಟು. ಸ್ವಾಗತ ಮಾಡಿದವನೂ ಸೀನಿದ, ಮಾಲತೇಶಪ್ಪನವರೂ ಶಾಲಿನ ಚುಂಗಿನಲ್ಲಿ ಮೂಗು ಒರೆಸಿಕೊಂಡರು. ನಾನು ಹಿಂದಿನ ಕಂಬಕ್ಕೆ ಒರಗಿ ನಿಂತೆ. ಸರ್ ಬೂದು ಕೋಟು ಹಾಕಿದ್ದರು. ಮದುವೆ ದಲ್ಲಾಳಿಯ ಮಾತು ಹೇಳಿದರು, ಜನ ನಕ್ಕರು. ಆರೂ ಜಾಳಿಗೆ ಇಳಿಬಿಟ್ಟು, ಗ್ಯಾಸು ಬಿಟ್ಟು, ಕರೆಂಟು ಕೊಟ್ಟು, ಅರ್ಧ ತಾಸು ಭಾಷಣ ಮಾಡಿದರು. ಅರುಣಾ ನೀರು ತೆಗೆದು ಹುರುಳಿ ಹಿಟ್ಟು ಕದಡಿ ಸೋಸಿದಳು. ಸರ್ ಹನಿ ಬಿಟ್ಟರು. ನಳಿಗೆಯನ್ನು ಎತ್ತಿ ಹಿಡಿದರು.

ಏನೂ ಆಗಲಿಲ್ಲ.

ಒಂದು ನಿಮಿಷ ತಡೀರಿ ಎಂದರು. ಜನ ತಡೆದರು. ಇನ್ನಷ್ಟು ಹನಿ ಬಿಟ್ಟರು. ಕರೆಂಟು ಹೆಚ್ಚಿಸಿ ಮತ್ತೆ ತೆಗೆದರು. ಮತ್ತೆ ಹುರುಳಿ, ಮತ್ತೆ ಹನಿ. ಜಾಡಿ ಬೆಚ್ಚಗಾಗಿ ಹಬೆಯಾಡಿತು, ಅವರ ಕನ್ನಡಕ ಮಂಜಾಯಿತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನಳಿಗೆ ಮಾತ್ರ ಕೆರೆಯ ನೀರಿನಷ್ಟೂ ಬಣ್ಣ ತೋರಲಿಲ್ಲ. ಮೊದಲ ಸಾಲಿನಲ್ಲಿ ಉಚ್ಚಂಗೆವ್ವ ಎಂಬ ಮುದುಕಿ ಕೂತಿದ್ದಳು. ಹತ್ತೆಕರೆ ಮೆಣಸಿನ ಹೊಲವನ್ನು ಒಬ್ಬಳೇ ಮಾಡಿಸುವವಳಂತೆ. ಅವಳು ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ನಿಧಾನಕ್ಕೆ ಹೇಳಿದಳು:

“ಸಾಹೇಬ್ರ, ಇದಕ್ಕಿಂತ ನಮ್ಮ ಎತ್ತು ಚೊಲೋ ಬಿಡ್ರಿ. ಕರೆಂಟು ಇರ್ಲಿ ಇಲ್ದಿರ್ಲಿ, ದಿನಾ ಉಚ್ಚಿ ಹೊಯ್ತೈತಿ.”

ಬ್ಯಾಡಗಿಯ ಜನ ನಕ್ಕರೆ ಹಾವೇರಿಯವರಂತೆ ನಗುವುದಿಲ್ಲ. ಘಾಟಿಗೆ ಕೆಮ್ಮು ಹತ್ತಿ, ಕೆಮ್ಮುತ್ತ ನಕ್ಕು, ನಕ್ಕು ಕೆಮ್ಮಿ, ಕಣ್ಣೀರು ಸುರಿಸಿಕೊಂಡು ನಗುತ್ತಾರೆ. ಅದು ನಿಲ್ಲಲು ಬಹಳ ಹೊತ್ತು ಬೇಕಾಯಿತು. ನಾನು ನಗಲಿಲ್ಲ. ಒಂದೊಂದು ನಗುವನ್ನೂ ಬಾಯಲ್ಲಿಟ್ಟುಕೊಂಡ ಬೆಲ್ಲದಂತೆ ಕರಗಿಸಿಕೊಂಡೆ.

ಸರ್ ಮುಖ ಕೆಂಪೇರಿತು. ಅರುಣಾಳ ಕಡೆ ತಿರುಗಿ, ಮೈಕು ಬಂದ್ ಆಗಿಲ್ಲವೆಂಬುದನ್ನು ಮರೆತು, ಹಳೇ ಹುರುಳಿ ತಂದಿದ್ದೀ, ಒಂದು ಹಿಟ್ಟು ಕದಡಲು ಬಾರದವಳಿಗೆ ಎಂಎಸ್ಸಿ ಯಾರು ಕೊಟ್ಟರು ಎಂದರು. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಆದರೆ ಅವಳಿಗೆ ನನ್ನ ಅಗತ್ಯ ಬೀಳಲಿಲ್ಲ. ನಳಿಗೆಯನ್ನು ಸ್ಟ್ಯಾಂಡಿನಲ್ಲಿಟ್ಟು, ಕೈ ಒರೆಸಿಕೊಂಡು, ಅದೇ ಮೈಕಿಗೆ ಹೇಳಿದಳು:

“ಹುರಳಿ ಚೊಲೋನ ಅದರಿ ಸರ್. ಕರೆಂಟು ಕೊಡದ, ಹುರಳಿ ಹಾಕದ ಒಮ್ಮೆ ನೋಡೂಣು ಅಂತ ಸುಟ್ಟ ಜಾಳಿಗಿ ಬಂದ ದಿನಾನ ಹೇಳಿದ್ದೆ. ಬ್ಯಾಡ ಅಂದವರು ನೀವು.”

ಮಾಲತೇಶಪ್ಪನವರಿಗೆ ರಸಾಯನಶಾಸ್ತ್ರ ತಿಳಿಯದು. ಬ್ಯಾಡ ಅಂದವರು ಯಾರು ಎಂಬುದು ತಿಳಿಯಿತು. ಎದ್ದು ನಿಂತು, ಊಟ ತಯಾರಿದೆ, ಎಲ್ಲರೂ ಮಾಡಿಕೊಂಡೇ ಹೋಗಬೇಕು ಎಂದು ಹೇಳಿ ಕೆಳಗಿಳಿದರು. ಪ್ರಯೋಗಾಲಯದ ಸುದ್ದಿಯೇ ಎತ್ತಲಿಲ್ಲ. ಸರ್ ವೇದಿಕೆಯ ಮೇಲೆ ಒಬ್ಬರೇ ಜಾಡಿಯ ಮುಂದೆ ಉಳಿದರು. ನಾನು ಊಟಕ್ಕೆ ಕೂತೆ. ಗೋಧಿ ಹುಗ್ಗಿ ಎರಡು ಸಲ ಬಡಿಸಿಕೊಂಡೆ.

ಆದರೂ ಹೊಟ್ಟೆ ತುಂಬಲಿಲ್ಲ. ಇದನ್ನು ಮಾಡಿದ್ದು ನಾನು ಎಂದು ಅವರಿಗೆ ತಿಳಿದಿರಲಿಲ್ಲವಲ್ಲ. ಏಟು ಬಿತ್ತು, ಹೊಡೆದವನ ಮುಖ ಕಾಣಲಿಲ್ಲ. ವಾರಗಟ್ಟಲೆ ಅದೊಂದೇ ಕೊರೆಯಿತು. ಅರುಣಾ ಆ ಕೆಲಸ ಬಿಟ್ಟು ಹಾವೇರಿಯ ಒಂದು ಹೈಸ್ಕೂಲಿಗೆ ವಿಜ್ಞಾನ ಹೇಳಲು ಸೇರಿದಳೆಂದು ಕೇಳಿದೆ. ಸರ್ ಕ್ಲಾಸು ತಪ್ಪಿಸಿ ಪ್ರಯೋಗಾಲಯದಲ್ಲೇ ಇರುತ್ತಾರೆಂದೂ, ಹಾವೇರಿಯಲ್ಲಿ ಹಳದಿಯಾದದ್ದು ಬ್ಯಾಡಗಿಯಲ್ಲಿ ಯಾಕೆ ಆಗಲಿಲ್ಲ ಎಂದು ಕಂಡ ಕಂಡವರನ್ನು ಕೇಳುತ್ತಾರೆಂದೂ ಕಾಲೇಜಿನ ಜವಾನ ಹೇಳಿದ. ಹಳೆಯ ಜಾಳಿಗೆ ಕುಡಿದಿದ್ದ ನವಸಾಗರವೂ ಬಳಸಿ ಬಳಸಿ ಖಾಲಿಯಾಗಿರಬೇಕು. ಅದರಿಂದಲೂ ಹಳದಿ ಬರುತ್ತಿಲ್ಲವಂತೆ.

ಆರನೇ ವಾರ ಅವರು ಅಂಗಡಿಗೆ ಬಂದರು. ಗಿರಾಕಿಗಳು ತುಂಬಿದ ಹೊತ್ತು. ಅದರಲ್ಲಿ ಇಬ್ಬರು ಮೇಡ್ಲೇರಿಯವರು, ಗುಡಿಯ ಗಂಟೆ ತಂದಿದ್ದರು. ಸರ್ ಗಡ್ಡ ಬಿಟ್ಟಿದ್ದರು. ಕಂಕುಳಲ್ಲಿ ಪೇಪರು ಸುತ್ತಿದ ಜಾಳಿಗೆಗಳು. ಇಸ್ಮಾಯಿಲಸಾಬರು ಎದ್ದು ಸ್ಟೂಲು ಕೊಟ್ಟರೂ ಕೂರಲಿಲ್ಲ. ಮೂಲೆಯ ನವಸಾಗರದ ಪೀಪಾಯಿಗೆ ಮೊಣಕೈ ಊರಿ ನಿಂತರು. ಸೈಲೆನ್ಸರ್ ತಿಕ್ಕುತ್ತಿದ್ದವನು ನಾನು ತಿಕ್ಕುತ್ತಲೇ ಇದ್ದೆ.

“ಕರಬಸಪ್ಪಾರ,” ಎಂದರು. ಆ ಹೆಸರು ಯಾರದೆಂದು ನನಗೇ ಒಂದು ಕ್ಷಣ ತಿಳಿಯಲಿಲ್ಲ. “ನಾ ಎಲ್ಲಾರ ಮುಂದ ಹೇಳ್ತೇನಿ, ಇವರೂ ಕೇಳಲಿ. ಆ ಜಾಳಿಗಿ ನಿಮ್ಮದು. ನಿಮ್ಮ ಕೈಯಾಗ ಏನೋ ಅದ, ನನಗ ಅದು ಬರ್ತಾ ಇಲ್ಲ. ಸಂಶೋಧನಾದ ಪೇಪರ್ ಬರೆಯೂವಾಗ ನಿಮ್ಮ ಹೆಸರು ಮೊದಲ, ನನ್ನ ಹೆಸರು ಆಮ್ಯಾಲೆ. ಹಾವೇರಿಯೊಳಗ ಮತ್ತ ಸಭಾ ಕರೀತೇನಿ, ನಿಮ್ಮ ತಾಯಾರನ್ನೂ ಕರಕೊಂಡು ಬರ್ರಿ. ಮೊದಲಿನ ಜಾಳಿಗಿಗೆ ಏನು ಮಾಡಿದ್ರಿ, ಅದೊಂದು ಹೇಳ್ರಿ.”

ಮೇಡ್ಲೇರಿಯ ಇಬ್ಬರೂ ಗಂಟೆ ಹಿಡಿದುಕೊಂಡೇ ನನ್ನ ಕಡೆ ನೋಡಿದರು. ಸಂಜೆಯೊಳಗೆ ಈ ಮಾತು ಅವ್ವನ ಕಿವಿಗೆ ಮುಟ್ಟುತ್ತಿತ್ತು. ನನಗೆ ಬೇಕಾದದ್ದೆಲ್ಲ, ಹಾವೇರಿಯಲ್ಲಿ ಕಳೆದದ್ದೆಲ್ಲ, ಬಡ್ಡಿ ಸಮೇತ ಬಂದು ಎದುರಿಗೆ ನಿಂತಿತ್ತು. ತೆಗೆದುಕೊಂಡರೆ ಆಯಿತು. ತೆಗೆದುಕೊಂಡು ಏನಿಟ್ಟುಕೊಳ್ಳಲಿ? ಆ ಹೆಸರಿನ ಕೆಳಗೆ ಏನೂ ಇರಲಿಲ್ಲ, ಒಂದು ಹಿಡಿ ಕಲಾಯಿ ಪುಡಿ.

ಇನ್ನು ನಿಜ ಹೇಳುವುದು. ಒಂದೇ ಶಬ್ದ ಸಾಕು. ಬೆರಳು ತೋರಿಸಿದರೂ ಸಾಕು, ಅವರ ಮೊಣಕೈ ಅದರ ಮೇಲೆಯೇ ಇತ್ತು. ಆದರೆ ಹೇಳಿದರೆ ಅವರು ಆ ಗಳಿಗೆಯಲ್ಲೇ ಬಿಡುಗಡೆಯಾಗುತ್ತಾರೆ. ಅಯ್ಯೋ ಇಷ್ಟೇನೇ ಎಂದು ತಲೆ ಚಚ್ಚಿಕೊಂಡು, ಒಂದು ವಾರ ನಾಚಿ, ಗಡ್ಡ ಬೋಳಿಸಿ, ಮತ್ತೆ ಕ್ಲಾಸಿಗೆ ಹೋಗಿ, ಇನ್ಯಾರನ್ನೋ ಚಾ ನೋಡಲು ಕಳಿಸುತ್ತಾರೆ. ಹೇಳದಿದ್ದರೆ, ಒಂದು ಸಲ ಆಗಿತ್ತು, ನನ್ನ ಕಣ್ಣಾರೆ ಕಂಡಿದ್ದೆ ಎಂದು ಜಾಳಿಗೆಯ ಮೇಲೆ ಜಾಳಿಗೆ ಸುಡುತ್ತ ಇರುತ್ತಾರೆ. ಇನ್ನೂ ಹತ್ತು ವರ್ಷ. ಇಪ್ಪತ್ತು.

ಇಸ್ಮಾಯಿಲಸಾಬರು ಪೀಪಾಯಿಯ ಕಡೆ ನೋಡಿ ನನ್ನ ಕಡೆ ನೋಡಿದರು. ಅವರಿಗೆ ತಿಳಿಯಿತೋ ಏನೋ.

ಸೈಲೆನ್ಸರ್ ಕೆಳಗಿಟ್ಟೆ. ಬಟ್ಟೆಗೆ ಕೈ ಒರೆಸಿಕೊಂಡೆ, ಗೂಟದ ಮೇಲಿನ ಅಂಗಿ ತೆಗೆದು ಹಾಕಿಕೊಂಡೆ, ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡೆ. ಸರ್ ಕಾಯುತ್ತಿದ್ದರು. ಅವರನ್ನು ಸುತ್ತಿಕೊಂಡು, ಮೇಡ್ಲೇರಿಯವರ ಗಂಟೆ ದಾಟಿ, ಬಾಗಿಲಿಗೆ ಬಂದೆ.

“ಕರಬಸಪ್ಪಾರ,” ಎಂದು ಹಿಂದಿನಿಂದ ಮತ್ತೆ ಕರೆದರು.

ಸ್ಟೇಶನ್ ರಸ್ತೆಯಲ್ಲಿ ಆಟೋಗಳು ಸಾಲಾಗಿ ನಿಂತಿದ್ದವು. ನಾನು ಅವುಗಳ ನಡುವೆ ಹಾದು, ತಿರುಗಿ ನೋಡದೆ ನಡೆದೆ.